ಹಿನ್ನೀರಿನ ದಂಡೆ, ಬಲೆಯ ಕಣ್ಣು

ಹಗರಿಬೊಮ್ಮನಹಳ್ಳಿಗೆ ಕಡಲು ದೂರ. ಆದರೂ ಅಲೆ ಬಡಿಯುವ ದಂಡೆಯಲ್ಲಿ ನಿಂತು ಮೀನು ಹಿಡಿಯುವ ಕಸುಬು ಇಲ್ಲಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಈ ತಾಲ್ಲೂಕಿನ ಮತ್ತು ಹಡಗಲಿಯ ಹೊಲಗಳ ಅಂಚಿಗೇ ಹಿನ್ನೀರು ಬಂತು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಈ ನೀರಿಗೆ ಕಾಯಂ ದಡವೆಂಬುದಿಲ್ಲ. ಮಳೆಗಾಲದಲ್ಲಿ ಏರಿ ಬರುತ್ತದೆ, ಬೇಸಿಗೆಗೆ ಬಿರುಕು ಬಿಟ್ಟ ಮಣ್ಣುಳಿಸಿ ಹಿಂದೆ ಸರಿಯುತ್ತದೆ. ಏರುವಾಗ, ಹೊಸದಾಗಿ ಮುಳುಗಿದ ಹುಲ್ಲು, ಹುಳುಹುಪ್ಪಟೆ ಅರಸಿ ಮೀನು ಅಂಚಿಗೆ ಬರುತ್ತದೆ. ಗಾಳಿಗೆ ಅಲೆಯೆದ್ದು ಮಣ್ಣು ಕದಡಿದ ಕಡೆ ಇನ್ನೂ ಹತ್ತಿರ ಬರುತ್ತದೆ. ತಂಬ್ರಹಳ್ಳಿ, ಹಂಪಸಾಗರದ ಕಡೆಯ ದಡದ ಮೀನುಗಾರಿಕೆ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ದಡದಲ್ಲಿ ನಿಂತು ಹಿಡಿಯುವುದೆಲ್ಲ ಒಂದೇ ಅಲ್ಲ ಎಂಬುದು ನನ್ನ ವಾದ. ಬೀಸುಬಲೆಯವನು ಬಲೆಯ ಒಂದು ಮಡಿಕೆಯನ್ನು ಎಡಗೈ ಮೇಲೆ ಹೊತ್ತು, ಸೀಸದ ಗುಂಡಿನ ಅಂಚನ್ನು ಬಲಗೈಲಿ ಹಿಡಿದು, ಸೊಂಟ ತಿರುಗಿಸಿ ಎಸೆಯುತ್ತಾನೆ. ಬಲೆ ಗುಂಡಗೆ ಬಿಚ್ಚಿಕೊಂಡು ಬಿದ್ದರೆ ಮೀನು, ಮುದುಡಿದರೆ ಬರೀ ನೀರು. ಗಾಳದವನಿಗೆ ಎರೆಹುಳು, ಹಿಟ್ಟಿನ ಉಂಡೆ, ಒಂದು ಬೆಂಡು ಸಾಕು. ಇವೆರಡೂ ಒಂದು ಸಲಕ್ಕೆ ಮುಟ್ಟುವ ನೀರು ಸ್ವಲ್ಪವೇ, ಸಿಕ್ಕ ಮರಿಯನ್ನು ಜೀವಂತ ಬಿಡಬಹುದು. ಅಲಿವಿ ಬಲೆ ಹಾಗಲ್ಲ. ನೂರಾರು ಮೀಟರ್ ಉದ್ದದ, ಸಣ್ಣ ಕಣ್ಣಿನ ಆ ಬಲೆಯನ್ನು ನೀರಲ್ಲಿ ಸುತ್ತು ಹಾಕಿ, ಎರಡೂ ತುದಿ ಹಿಡಿದು ಜನ ದಂಡೆಗೆ ಎಳೆಯುತ್ತಾರೆ. ಅಣೆಕಟ್ಟು ಕಟ್ಟಿದಾಗ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳಿನಿಂದ 105ರ ಆಸುಪಾಸಿಗೆ ಇಳಿದಿದೆ, ಹೂಳು ತುಂಬಿದಲ್ಲಿ ನೀರು ತೆಳುವಾಗಿದೆ. ಹಿನ್ನೀರಿನ ಅಂಚಿನ ಇಂಥ ತೆಳುನೀರಿನಲ್ಲೇ ಮರಿಗಳು ಬೆಳೆಯುವುದು, ಅಲಿವಿ ಎಳೆಯುವುದೂ ಅಲ್ಲೇ.

ಅಲಿವಿ ಹಿಡಿಯುವುದು ದೊಡ್ಡದಾಗದ ಪುಡಿಮೀನನ್ನು, ಅದನ್ನು ಒಣಗಿಸಿ ಮಾರಿ ಎಷ್ಟೋ ಬಡ ಕುಟುಂಬಗಳು ಬದುಕುತ್ತಿವೆ ಎನ್ನುವವರಿದ್ದಾರೆ. ಆ ಬದುಕಿನ ಮಾತು ನಿಜ, ಅದನ್ನು ತಳ್ಳಿಹಾಕುವುದು ಅನ್ಯಾಯ. ಆದರೆ ಸೊಳ್ಳೆಪರದೆಯಂಥ ಕಣ್ಣಿಗೆ ಪುಡಿಮೀನು ಯಾವುದು, ಬಿತ್ತಿದ ಕಾಟ್ಲಾ, ರೋಹು ಮರಿ ಯಾವುದು ಎಂಬ ಭೇದವಿಲ್ಲ. ಬಲೆಯ ಚೀಲದ ತಳದಲ್ಲಿ ಹಿಚುಕಿಹೋದ ಮರಿಯನ್ನು ಮರಳಿ ಬಿಟ್ಟರೂ ಫಲವಿಲ್ಲ. ಇಂದು ಕಿಲೋಗಟ್ಟಲೆ ಒಣಗುವ ಮರಿ ಮುಂದಿನ ವರ್ಷ ಅದೇ ಕುಟುಂಬದ ಬುಟ್ಟಿಯಲ್ಲಿ ದೊಡ್ಡ ಮೀನಾಗಿ ಬರಬೇಕಿತ್ತು. ಹಾಗಾಗಿ ನಿಯಮ ಬಿಗಿಯಾಗಬೇಕಾದದ್ದು ಬಲೆಯ ಕಣ್ಣಿನ ಅಳತೆಯ ಮೇಲೆ, ಮರಿ ಅಂಚಿನಲ್ಲಿರುವ ತಿಂಗಳುಗಳ ಮೇಲೆ. ಗಾಳ ಹಾಕಿ ಕೂತ ಹುಡುಗನ ಮೇಲಲ್ಲ.

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಕೆರೆಗಳ ಮಾತು ಮಾತ್ರ ಬೇರೆ. ಮಳೆ ಕೈಕೊಟ್ಟ ವರ್ಷ ಬೇಸಿಗೆಗೆ ತಳ ಕಾಣುವ ಕೆರೆಯಲ್ಲಿ ಮರಿ ಉಳಿಸಿ ಪ್ರಯೋಜನವಿಲ್ಲ. ನೀರು ಬತ್ತುವ ಮುನ್ನ ಊರವರೆಲ್ಲ ಇಳಿದು, ಸಣ್ಣದು ದೊಡ್ಡದು ಎನ್ನದೆ ಬಾಚಿಕೊಳ್ಳುವುದೇ ಅಲ್ಲಿ ಸರಿ.