ಚಳಿಗೆ ತಪ್ಪುವ ಬ್ಯಾಟರಿ ಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡ ಕುಟುಂಬಗಳು ಹಿಮ ನೋಡಬೇಕೆಂದರೆ ಟಾಹೋ ಸರೋವರದ ದಾರಿ ಹಿಡಿಯುತ್ತವೆ. ಸ್ಯಾನ್ ಹೋಸೆಯಲ್ಲಿ ಒಂದು ಸ್ವೆಟರ್ ಸಾಕಾಗುವ ದಿನವೂ ಏಳು ಸಾವಿರ ಅಡಿ ಎತ್ತರದ ಡಾನರ್ ಘಾಟಿಯಲ್ಲಿ ಸೊನ್ನೆಗಿಂತ ಕೆಳಗಿನ ಚಳಿ ಇರಬಹುದು. ಶೇ 30 ಚಾರ್ಜ್ ತೋರಿಸುತ್ತಿದ್ದ ಹಳೆಯ ಫೋನು ಒಂದು ಫೋಟೊ ತೆಗೆಯುವಷ್ಟರಲ್ಲಿ ಆಫ್ ಆಗುವುದು ಇಂಥಲ್ಲೇ. ಕಾರಿನೊಳಗೆ ಬೆಚ್ಚಗಾದ ಮೇಲೆ ಆನ್ ಮಾಡಿದರೆ ಚಾರ್ಜ್ ಇನ್ನೂ ಉಳಿದೇ ಇರುತ್ತದೆ.

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಇರುತ್ತದೆ, ಕೈಗೆ ಸುರಿಯುವುದಿಲ್ಲ. ಲಿಥಿಯಂ ಬ್ಯಾಟರಿಯ ಪಾಡೂ ಅದೇ. ಒಳಗಿನ ದ್ರಾವಣ ಮಂದವಾಗಿ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಆಂತರಿಕ ರೋಧ ಹಲವು ಪಟ್ಟು ಏರುತ್ತದೆ. ಸುಮ್ಮನೆ ಒಂದು ಲೆಕ್ಕ ಹಾಕೋಣ: ಸೆಲ್‌ನಲ್ಲಿ 3.75 ವೋಲ್ಟ್ ಇದೆ, ಕ್ಯಾಮೆರಾ ಒಮ್ಮೆಲೇ 3 ಆಂಪಿಯರ್ ಕೇಳಿತು. ರೋಧ 0.1 ಓಮ್ ಇದ್ದರೆ 0.3 ವೋಲ್ಟ್ ಕುಸಿತ. ಫೋನಿಗೆ ಏನೂ ಆಗದು. ಚಳಿಯಲ್ಲಿ ಅದೇ ರೋಧ 0.3 ಓಮ್ ಆದರೆ ಕುಸಿತ 0.9 ವೋಲ್ಟ್. ಉಳಿದದ್ದು 2.85. ಫೋನು ನಡೆಯಲು 3 ವೋಲ್ಟ್ ಬೇಕಿದ್ದರೆ ಅಲ್ಲಿಗೆ ಮುಗಿಯಿತು.

ಪರದೆಯ ಮೇಲಿನ ಅಂಕಿ ಅಳತೆಯಲ್ಲ, ಅಂದಾಜು. ಒಳಬಂದ, ಹೊರಹೋದ ವಿದ್ಯುತ್ತನ್ನು ಕೂಡಿ ಕಳೆದು, ವೋಲ್ಟೇಜ್ ಮತ್ತು ಉಷ್ಣತೆಯನ್ನು ನೋಡಿ ಒಂದು ಪುಟ್ಟ ಚಿಪ್ ಅದನ್ನು ಹೇಳುತ್ತದೆ. ಸ್ಯಾನ್ ಹೋಸೆಯಲ್ಲಿದ್ದ ಮ್ಯಾಕ್ಸಿಮ್ ಇಂಟಿಗ್ರೇಟೆಡ್ ಇಂಥ ಚಿಪ್‌ಗಳಿಗೆ ಹೆಸರಾಗಿತ್ತು. 2021ರಲ್ಲಿ ಅದನ್ನು ಅನಲಾಗ್ ಡಿವೈಸಸ್ ಕೊಂಡಿತು. ಸೆಲ್ ಹಳೆಯದಾದಷ್ಟೂ, ಚಳಿ ಹೆಚ್ಚಿದಷ್ಟೂ ಅಂದಾಜು ಕಷ್ಟವಾಗುತ್ತದೆ.

ಹಳೆಯ ಬ್ಯಾಟರಿಯ ಈ ತೊಂದರೆ ಕೋರ್ಟ್ ಮೆಟ್ಟಿಲೇರಿದ್ದೂ ಬೇ ಏರಿಯಾದಲ್ಲಿಯೇ. ಐಫೋನ್‌ಗಳು ದಿಢೀರನೆ ಆಫ್ ಆಗುತ್ತಿದ್ದುದನ್ನು ತಡೆಯಲು ಕೂಪರ್ಟಿನೊದ ಆ್ಯಪಲ್ 2017ರ ಜನವರಿಯಲ್ಲಿ ಐಒಎಸ್ 10.2.1 ಬಿಟ್ಟಿತು. ಬ್ಯಾಟರಿ ಸೋತಾಗ ಪ್ರೊಸೆಸರ್ ವೇಗ ತಗ್ಗಿಸುವುದು ಅದರ ಉಪಾಯ. ಚಳಿ, ಕಡಿಮೆ ಚಾರ್ಜ್, ವಯಸ್ಸು ಈ ಮೂರೂ ಕಾರಣವೆಂದು ಕಂಪನಿ ಹೇಳಿದ್ದು ಆ ಡಿಸೆಂಬರ್‌ನಲ್ಲಿ. ಆಮೇಲೆ ಕ್ಷಮೆ ಕೇಳಿತು, 79 ಡಾಲರ್‌ನ ಬ್ಯಾಟರಿ ಬದಲಾವಣೆಯನ್ನು 29ಕ್ಕೆ ಇಳಿಸಿತು. 2020ರಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ನನ್ನ ಮಟ್ಟಿಗೆ ಆ ಉಪಾಯ ತಪ್ಪಲ್ಲ. ಫೋನು ಸಾಯುವುದಕ್ಕಿಂತ ನಿಧಾನವಾಗುವುದು ಮೇಲು. ಆದರೆ ಫೋನು ಕೊಂಡವರಿಗೆ ಅದನ್ನು ಬಿಡಿಸಿ ಹೇಳದಿದ್ದದ್ದು ದೊಡ್ಡ ತಪ್ಪು. ಫೋನು ಹಳತಾಯಿತೆಂದು ಹೊಸದನ್ನು ಕೊಂಡವರಿಗೆ ಒಂದು ಹೊಸ ಬ್ಯಾಟರಿ ಸಾಕಿತ್ತು.

ಬಿಡಿಸಿ ಹೇಳುವ ವಿಷಯದಲ್ಲಿ ಫ್ರೀಮಾಂಟ್‌ನಲ್ಲಿ ತಯಾರಾಗುವ ಟೆಸ್ಲಾ ಕಾರಿನ ಪರದೆ ನನಗೆ ಇಷ್ಟ. ಬ್ಯಾಟರಿ ತಣ್ಣಗಿದ್ದರೆ ಚಾರ್ಜ್ ಪಟ್ಟಿಯ ಒಂದು ಭಾಗ ನೀಲಿಯಾಗುತ್ತದೆ, ಪಕ್ಕದಲ್ಲಿ ಹಿಮದ ಹರಳಿನ ಗುರುತು. ‘ಇಷ್ಟು ಇದೆ, ಆದರೆ ಬೆಚ್ಚಗಾಗುವವರೆಗೆ ಸಿಗದು’ ಎಂದರ್ಥ. ಫೋನಿನ ಪರದೆಯೂ ಹೀಗೆ ಹೇಳಬೇಕು.

ಸೆಕೆ ಇನ್ನೊಂದು ಬಗೆಯ ಕೇಡು. 2022ರ ಸೆಪ್ಟೆಂಬರ್ 5ರಂದು ಲಿವರ್‌ಮೋರ್‌ನಲ್ಲಿ ತಾಪಮಾನ 46 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಿಸಿಲಲ್ಲಿ ನಿಂತ ಕಾರಿನೊಳಗಿನ ಕಾವು ಅದಕ್ಕೂ ಹೆಚ್ಚು. ಬಿಸಿಗೆ ರೋಧ ತಗ್ಗುವುದರಿಂದ ಬ್ಯಾಟರಿ ಸಲೀಸಾಗಿಯೇ ವಿದ್ಯುತ್ ಕೊಡುತ್ತದೆ, ಆದರೆ ಒಳಗೊಳಗೇ ಸವೆಯುತ್ತದೆ. ಚಳಿಯಲ್ಲಿ ಕಳೆದದ್ದು ಬೆಚ್ಚಗಾದರೆ ಮರಳುತ್ತದೆ, ಸೆಕೆಯಲ್ಲಿ ಕಳೆದ ಸಾಮರ್ಥ್ಯ ಮರಳುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸ್ಕೂಟರ್, ಫೋನು ಬಳಸುವವರಿಗೂ ಇದು ಅನ್ವಯ: ಚಾರ್ಜ್ ಹಾಕುವುದು ನೆರಳಿನಲ್ಲಿ, ಬ್ಯಾಟರಿ ತಣ್ಣಗಾದ ಮೇಲೆ.