ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ?



ನಿಮ್ಮ ಮನೆಯ ಹಿತ್ತಿಲನ್ನು ಒಮ್ಮೆ ನೆನಪಿಸಿಕೊಳ್ಳಿ. ಸವೆದ ನೇಗಿಲಿನ ಗುಳ, ತಳ ತೂತಾದ ಅಲ್ಯೂಮಿನಿಯಂ ಪಾತ್ರೆ, ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ತಾಮ್ರದ ತಂತಿ, ಸತ್ತುಹೋದ ಟ್ರ್ಯಾಕ್ಟರ್ ಬ್ಯಾಟರಿ. ಕಬ್ಬು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಇಂಥ ಸಾಮಾನುಗಳಿಗೆ ಬರವಿಲ್ಲ. ನಾವು ಗುಜರಿ ಎಂದು ಬರೆಯುವುದನ್ನು ಆ ಕಡೆಯ ಜನ ಮೋಡಕಾ ಎನ್ನುತ್ತಾರೆ. ಮೋಡಕಾ ಕೊಳ್ಳುವವರು ಬಂದರೆ ಈ ನಾಲ್ಕೂ ಒಂದೇ ತಕ್ಕಡಿ ಏರುತ್ತವೆ. ಆದರೆ ಕಾನೂನು ಇವುಗಳನ್ನು ಒಂದೇ ರೀತಿ ಕಾಣುವುದಿಲ್ಲ. ಏಕೆ?

ಉತ್ತರ ನಿಮ್ಮ ವಿಜ್ಞಾನದ ಪಾಠದಲ್ಲಿಯೇ ಇದೆ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದು ಮನೆಯ ಒಲೆಯಲ್ಲಿ ಆಗುವ ಕೆಲಸವಲ್ಲ. ಹಳೆಯ ಕಬ್ಬಿಣ ಕಾರ್ಖಾನೆಯ ಕುಲುಮೆಗೇ ಹೋಗಬೇಕು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತಯಾರಿಸುವುದಕ್ಕೆ ಹೋಲಿಸಿದರೆ, ಹಳೆಯದನ್ನು ಕರಗಿಸಿದಾಗ ಸುಮಾರು ನೂರಕ್ಕೆ 95 ಭಾಗ ಶಕ್ತಿ ಉಳಿಯುತ್ತದೆ. ಆದ್ದರಿಂದ ಗುಜರಿ ಮಾರುವುದು ನಾಚಿಕೆಯ ಕೆಲಸವಲ್ಲ, ದೇಶಕ್ಕೆ ಲಾಭದ ಕೆಲಸ.

ಸೀಸದ ಕಥೆಯೇ ಬೇರೆ. ಅದು ಕೇವಲ 327 ಡಿಗ್ರಿಯಲ್ಲಿ ಕರಗುತ್ತದೆ. ಒಂದು ಬಾಣಲೆ, ನಾಲ್ಕು ಕೊಳ್ಳಿ ಸೌದೆ ಇದ್ದರೆ ಸಾಕು. ಟ್ರ್ಯಾಕ್ಟರ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಉಳಿದದ್ದರಲ್ಲಿ ಗಂಧಕಾಮ್ಲವೂ ಪ್ಲಾಸ್ಟಿಕ್ಕೂ ಇವೆ. ಬ್ಯಾಟರಿಯನ್ನು ಬಯಲಲ್ಲಿ ಒಡೆದರೆ ಆಮ್ಲ ಮಣ್ಣಿಗೆ ಇಳಿಯುತ್ತದೆ. ಕರಗಿಸಿದರೆ ಸೀಸದ ಹೊಗೆ ಮತ್ತು ಧೂಳು ಸುತ್ತಲಿನ ನೆಲದ ಮೇಲೆ, ಆಡುವ ಮಕ್ಕಳ ಕೈಯ ಮೇಲೆ ಕೂರುತ್ತದೆ. ದೊಡ್ಡವರ ದೇಹಕ್ಕಿಂತ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರಿಕೊಳ್ಳಬಲ್ಲದು. ಅದು ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಸೀಸ ದೇಹ ಸೇರಿದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಇದು ಬರಿಯ ಪುಸ್ತಕದ ಮಾತಲ್ಲ. ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಕಾರ್ ನಗರದ ಬಳಿಯ ಒಂದು ಬಡಾವಣೆಯ ಜನ ಹಳೆಯ ಬ್ಯಾಟರಿಗಳಿಂದ ಸೀಸ ತೆಗೆಯುತ್ತಿದ್ದರು. ಸೀಸ ಬೆರೆತ ಮಣ್ಣನ್ನು ಜರಡಿ ಹಿಡಿದು ಮಾರಲೆಂದು ಮನೆಗೂ ತಂದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು.

ಈಗ ನಮ್ಮ ಮೂರು ತಾಲ್ಲೂಕುಗಳಿಗೆ ಬರೋಣ. ಇವುಗಳನ್ನು ಪೋಣಿಸಿರುವ ದಾರ ಘಟಪ್ರಭಾ ನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹೊರಟ ನೀರು ಗೋಕಾಕದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕಿ, ಮೂಡಲಗಿ ತಾಲ್ಲೂಕಿನ ಹಳ್ಳಿಗಳನ್ನು ಹಾಯ್ದು ಕೃಷ್ಣೆಯತ್ತ ಸಾಗುತ್ತದೆ. ಮೇಲಿನ ಊರಿನವರು ಹಳ್ಳಕ್ಕೆ ಚೆಲ್ಲಿದ್ದು ಕೆಳಗಿನ ಊರಿನವರ ಪಾಲಿಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತು. ಅಂಥ ನೆರೆ ದಂಡೆಯ ಮೇಲಿನ ಕಸವನ್ನು ಆರಿಸಿ ಬಿಡುವುದಿಲ್ಲ, ಎಲ್ಲವನ್ನೂ ಹೊತ್ತೊಯ್ಯುತ್ತದೆ.

ನಿಯಮಗಳು ಹುಟ್ಟಿದ್ದು ಈ ಕಾರಣಕ್ಕೇ. ಕಸವನ್ನು ರಸ್ತೆ, ಚರಂಡಿ, ಕೆರೆ, ನದಿಗಳಿಗೆ ಎಸೆಯಬಾರದು, ಸುಡಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳು ಸ್ಪಷ್ಟವಾಗಿ ಹೇಳಿದವು. ತಾಮ್ರಕ್ಕಾಗಿ ವೈರ್ ಸುಡುವವರು ಇದನ್ನು ಗಮನಿಸಬೇಕು. ಮೇಲಿನ ಪಿವಿಸಿ ಹೊದಿಕೆ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬ್ಯಾಟರಿಗಳಿಗೆ 2001ರಲ್ಲಿಯೇ ಪ್ರತ್ಯೇಕ ನಿಯಮ ಬಂತು; 2022ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ಅದರ ಪ್ರಕಾರ ಬಳಕೆದಾರನು ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೇ ಒಪ್ಪಿಸಬೇಕು. ಟಿವಿ, ಕಂಪ್ಯೂಟರ್, ಮೊಬೈಲ್‌ಗಳ ಇ-ತ್ಯಾಜ್ಯಕ್ಕೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಿವೆ.

ಹಾಗಾದರೆ ತಪ್ಪು ಮನೆಬಾಗಿಲಿಗೆ ಬರುವ ಗುಜರಿಯವರದೇ? ಖಂಡಿತ ಅಲ್ಲ. ಅವರು ಕಷ್ಟಪಟ್ಟು ನಮ್ಮ ಊರನ್ನು ಚೊಕ್ಕಟ ಮಾಡುತ್ತಾರೆ. ವಿಷದ ಮೊದಲ ಪೆಟ್ಟೂ ಅವರಿಗೇ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಬಳಕೆ ನಿಂತಿದ್ದ ವಿಕಿರಣ ಉಪಕರಣವೊಂದನ್ನು ಹರಾಜು ಹಾಕಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಅದನ್ನು ಬಿಚ್ಚಿದ ಮೇಲೆ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಸತ್ತ. ಒಳಗೆ ಏನಿದೆ ಎಂದು ತಿಳಿದಿರಬೇಕಾದವರು ಓದಿದವರು. ಪ್ರಾಣ ತೆತ್ತವನು ತಿಳಿಯದವನು. ನಿಮ್ಮ ಕಾಲೇಜಿನ ಪ್ರಯೋಗಾಲಯ ಹಳೆಯ ಉಪಕರಣ ಮಾರುವಾಗ ಇದು ನೆನಪಿರಲಿ.

ಬ್ಯಾಟರಿ ಒಡೆಯುವವನು ಕೆಲವೊಮ್ಮೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಹೊಗೆ ಶುದ್ಧೀಕರಣಕ್ಕೆ, ಆಮ್ಲದ ವಿಲೇವಾರಿಗೆ ಅವನು ಖರ್ಚು ಮಾಡುವುದಿಲ್ಲವಲ್ಲ! ಆ ಹಣವನ್ನು ಕೊನೆಗೆ ನೆರೆಮನೆಯ ಮಗು ತೆರುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಬೇರೆ ಮಾಡಿ ಗುಜರಿಗೆ ಕೊಡಿ. ಕಬ್ಬಿಣವನ್ನು ಗುರುತಿಸಲು ಒಂದು ಅಯಸ್ಕಾಂತ ಸಾಕು. ಬ್ಯಾಟರಿಯನ್ನು ಒಡೆಯದೆ, ಆಮ್ಲ ಚೆಲ್ಲದೆ, ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂತಿರುಗಿಸಿ, ಬೆಲೆಯಲ್ಲಿ ಕಡಿತ ಕೇಳಿ. ಮೋಟರ್ ಅಥವಾ ತಂತಿ ಮಾರಿದಾಗ ರಸೀದಿ ಪಡೆಯಿರಿ. ಕಳವಿನ ಮಾಲು ಎಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ 3 ವರ್ಷದವರೆಗೆ ಸೆರೆವಾಸವಾಗಬಹುದು. ರಸೀದಿ ಇದ್ದರೆ ಮಾರಿದವರಿಗೂ ಕೊಂಡವರಿಗೂ ಕ್ಷೇಮ.

ಇಂದು ಸಂಜೆ ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ: "ನಮ್ಮ ಹಿಂದಿನ ಬ್ಯಾಟರಿ ಯಾರ ಕೈ ಸೇರಿತು?" ಉತ್ತರ ಸಿಗದಿದ್ದರೆ, ಮುಂದಿನ ಬ್ಯಾಟರಿಯ ಲೆಕ್ಕ ನೀವು ಇಡಿ.