ಖಾಲಿ ಮಾಡಲಾಗದ ಕೆರೆಯ ಹೂಳು

ನಮ್ಮ ಕಡೆ ಕೆರೆಯ ಹೂಳೆತ್ತುವುದೆಂದರೆ ಬೇಸಿಗೆಯ ಕೆಲಸ. ನೀರು ಬತ್ತಬೇಕು, ಜೆಸಿಬಿ ಇಳಿಯಬೇಕು, ಗೋಡುಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೊಲಕ್ಕೆ ಹಾಕಿಕೊಳ್ಳಬೇಕು. ಆದರೆ ಇಡೀ ಊರು ದಿನವೂ ಕುಡಿಯುತ್ತಿರುವ ಕೆರೆಯನ್ನು ಬತ್ತಿಸುವುದು ಹೇಗೆ?

ಅಮೆರಿಕದ ಇಲಿನಾಯ್ ರಾಜ್ಯದ ಡಿಕೇಟರ್ ನಗರಕ್ಕೆ ಎದುರಾದದ್ದು ಇದೇ ಪ್ರಶ್ನೆ. ಸುತ್ತ ಮೆಕ್ಕೆಜೋಳ, ಸೋಯಾಬೀನ್‌ ಹೊಲಗಳು. ನಡುವೆ 70 ಸಾವಿರ ಜನರ ಊರು. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವ ಸ್ಟೇಲಿ ಕಂಪನಿಗೆ ನೀರಿನ ಚಿಂತೆ ಹತ್ತಿದಾಗ ನಗರವು ಸ್ಯಾಂಗಮನ್ ನದಿಗೆ ಅಣೆಕಟ್ಟು ಕಟ್ಟಿತು. 1922ರಲ್ಲಿ ‘ಲೇಕ್ ಡಿಕೇಟರ್’ ಸಿದ್ಧವಾಯಿತು. (ಆ ಕಂಪನಿ ಕಟ್ಟಿದ ಫುಟ್‌ಬಾಲ್ ತಂಡವೇ ಮುಂದೆ ಷಿಕಾಗೊ ಬೇರ್ಸ್ ಎಂದು ಹೆಸರಾಯಿತು. ಕಂಪನಿಗೆ ಊರಲ್ಲಿ ಎಷ್ಟು ನಡೆಯುತ್ತಿತ್ತು ಎಂಬುದಕ್ಕೆ ಇಷ್ಟು ಸಾಕು.)

ಹರಿಯುವ ನದಿ ಕೆರೆಗೆ ಬಂದು ನಿಂತೊಡನೆ ಹೊತ್ತು ತಂದ ಮಣ್ಣನ್ನು ಅಲ್ಲೇ ಬಿಡುತ್ತದೆ. ದಪ್ಪ ಮರಳು ಕೆರೆಯ ಬಾಯಲ್ಲಿ, ನುಣ್ಣನೆಯ ಮಣ್ಣು ಒಳಗೆ. ಹೂಳೆಷ್ಟು ಎಂದು ಅಳೆಯುವ ಹಳೆಯ ವಿಧಾನ ಸರಳ. ದೋಣಿಯಿಂದ ಗಳ ಇಳಿಸುತ್ತಾರೆ. ರಾಡಿಯ ಮೇಲ್ಮೈ ಮುಟ್ಟಿದಾಗ ಒಂದು ಅಳತೆ, ಒತ್ತಿ ಕೆಳಗಿನ ಗಟ್ಟಿ ನೆಲ ತಾಕಿಸಿದಾಗ ಇನ್ನೊಂದು. ಎರಡರ ವ್ಯತ್ಯಾಸವೇ ಹೂಳು. ರಾಜ್ಯದ ಜಲ ಸಮೀಕ್ಷಾ ಸಂಸ್ಥೆ 1930ರ ದಶಕದಿಂದಲೂ ಈ ಕೆರೆಯನ್ನು ಮತ್ತೆ ಮತ್ತೆ ಅಳೆಯುತ್ತ ಬಂತು. 1983ರ ಹೊತ್ತಿಗೆ ಮೊದಲಿನ ಸಾಮರ್ಥ್ಯದ ಸುಮಾರು ಮೂರನೇ ಒಂದು ಭಾಗ ಹೂಳಿನ ಪಾಲಾಗಿತ್ತು.

ಹೊಸ ಅಣೆಕಟ್ಟು ಕಟ್ಟಬಹುದಿತ್ತಲ್ಲ? ಆ ಪ್ರಯತ್ನವೂ ಆಗಿತ್ತು. ನದಿಯ ಮೇಲುಭಾಗದ ಓಕ್ಲಿಯಲ್ಲಿ ದೊಡ್ಡ ಅಣೆಕಟ್ಟಿಗೆ 1962ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದರ ಹಿನ್ನೀರು ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿದ ಅಲರ್ಟನ್ ಉದ್ಯಾನದ ಕಾಡಿಗೆ ನುಗ್ಗುತ್ತದೆಂದು ಜನ ಎದ್ದು ನಿಂತರು; 1970ರ ದಶಕದಲ್ಲಿ ಯೋಜನೆ ಬಿದ್ದುಹೋಯಿತು. ಇದ್ದ ಕೆರೆಯೇ ಗತಿಯಾಯಿತು. 2012ರ ಬರದಲ್ಲಿ ನೀರಿನ ಬಳಕೆಗೆ ಕಡಿವಾಣ ಬಿದ್ದ ಮೇಲಂತೂ ತಡಮಾಡುವ ಧೈರ್ಯ ಯಾರಿಗೂ ಉಳಿಯಲಿಲ್ಲ.

2014ರಲ್ಲಿ ದೊಡ್ಡ ಹೂಳೆತ್ತುವಿಕೆ ಶುರುವಾಯಿತು. ನೀರಿನ ಮೇಲೆ ತೇಲುವ ಡ್ರೆಜರ್‌ ತಿರುಗುವ ಹಲ್ಲುಗಳ ತಲೆಯನ್ನು ತಳಕ್ಕೆ ಇಳಿಸಿ ಹೂಳನ್ನು ಕೆದಕುತ್ತದೆ, ಪಂಪು ಅದನ್ನು ನೀರಿನ ಸಮೇತ ಹೀರಿಕೊಳ್ಳುತ್ತದೆ. ಆ ಗಂಜಿ ಉದ್ದನೆಯ ಪೈಪಿನಲ್ಲಿ ಹರಿದು ಊರಾಚೆ ಮಣ್ಣಿನ ಒಡ್ಡು ಕಟ್ಟಿದ ವಿಶಾಲ ಅಂಗಳ ಸೇರುತ್ತದೆ. ದಾರಿಯಲ್ಲಿ ಬಲ ಕುಂದದಂತೆ ನಡುನಡುವೆ ಮತ್ತೆ ಪಂಪುಗಳು. ಅಂಗಳದಲ್ಲಿ ಮಣ್ಣು ತಳಕ್ಕೆ ಕೂರುತ್ತದೆ, ತಿಳಿನೀರು ನದಿಗೆ ಮರಳುತ್ತದೆ. ಅಂಗಳ ಎಲ್ಲಿ ಗೊತ್ತೆ? ಅಣೆಕಟ್ಟು ತಪ್ಪಿಹೋದ ಅದೇ ಓಕ್ಲಿಯ ಕಡೆ.

ಇಂಥ ಯೋಜನೆಯ ನಿಜವಾದ ತಲೆನೋವು ಅಗೆಯುವುದಲ್ಲ, ಅಗೆದದ್ದನ್ನು ಎಲ್ಲಿ ಹಾಕುವುದೆಂಬುದು. ಅಷ್ಟು ಜಾಗ, ಅದಕ್ಕೆ ಒಡ್ಡು, ಅಲ್ಲಿಯವರೆಗೆ ಪೈಪು, ಇವೆಲ್ಲ ಹೊಂದಿದ ಮೇಲಷ್ಟೇ ಡ್ರೆಜರ್‌ಗೆ ಕೆಲಸ. ಡಿಕೇಟರ್‌ಗೆ ತಗುಲಿದ್ದು ಸುಮಾರು 9 ಕೋಟಿ ಡಾಲರ್, ನಾಲ್ಕೈದು ವರ್ಷ. ಹೊರಬಂದದ್ದು ಸುಮಾರು 80 ಲಕ್ಷ ಘನ ಮೀಟರ್ ಹೂಳು. ಕೆರೆಯ ಸಾಮರ್ಥ್ಯ ಶೇ 30ರಷ್ಟು ಹೆಚ್ಚಿತು.

80 ಲಕ್ಷ ಘನ ಮೀಟರ್ ಎಂದರೆ ಮೂರನೇ ಒಂದು ಟಿಎಂಸಿಯೂ ಅಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲು ಸುಮಾರು 133 ಟಿಎಂಸಿ ಇದ್ದದ್ದು 2016ರ ಸಮೀಕ್ಷೆಯ ವೇಳೆಗೆ ಸುಮಾರು 105.8ಕ್ಕೆ ಇಳಿದಿತ್ತು. ಅಲ್ಲಿ ತುಂಬಿರುವ ಹೂಳು ಡಿಕೇಟರ್‌ ತೆಗೆದದ್ದರ 90 ಪಟ್ಟಿಗೂ ಹೆಚ್ಚು. ಹೂಳೆತ್ತುವ ಮಾತು ಬಿಟ್ಟು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಬಂದದ್ದೇಕೆಂದು ಈ ಲೆಕ್ಕದಲ್ಲೇ ತಿಳಿಯುತ್ತದೆ.

ಡಿಕೇಟರ್‌ನಲ್ಲಿ ಹೂಳು ಬರುವುದೇನೂ ನಿಂತಿಲ್ಲ. ಕೆರೆಯ ಜಲಾನಯನ ಸುಮಾರು 2,400 ಚದರ ಕಿಲೋಮೀಟರ್, ಬಹುಪಾಲು ಉಳುಮೆಯ ನೆಲ. ಅದೇ ಹೊಲಗಳ ಗೊಬ್ಬರದಿಂದ ಬರುವ ನೈಟ್ರೇಟ್‌ ತೆಗೆಯಲು ನಗರ 2002ರಲ್ಲಿ ಬೇರೆಯೇ ಘಟಕ ಕಟ್ಟಬೇಕಾಯಿತು. ಹಳ್ಳದ ಅಂಚಿಗೆ ಹುಲ್ಲಿನ ಪಟ್ಟಿ ಬಿಡುವುದು, ಕೊಯ್ಲಾದ ಮೇಲೆ ಹೊದಿಕೆ ಬೆಳೆ ಬಿತ್ತುವುದು, ಉಳುಮೆ ಕಡಿಮೆ ಮಾಡುವುದು ಮಣ್ಣನ್ನು ಹೊಲದಲ್ಲೇ ಹಿಡಿಯುತ್ತವೆ. ಆದರೆ ಆ ಹೊಲಗಳೆಲ್ಲ ನಗರದ ಗಡಿಯಾಚೆಯವು. ಅಲ್ಲಿನ ರೈತರಿಗೆ ನಗರಸಭೆ ಆಜ್ಞೆ ಮಾಡುವಂತಿಲ್ಲ, ಕೇಳಿಕೊಳ್ಳಬಹುದಷ್ಟೆ.